ಆಷಾಢದ ಹಿಂದಿನ ದಿನ ಕೊಟ್ಟ ಬೀಗದಕೈ

ಮೂವತ್ತೊಂದು ವರ್ಷ ಚೆನ್ನೈನ ಒಂದು ಸರ್ಕಾರಿ ಸಂಸ್ಥೆಯಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಪಿಂಚಣಿ ಇನ್ನೂ ಅವರೇ ಕೊಡುತ್ತಿದ್ದಾರೆ. ಯಾವ ವರ್ಷ ಯಾವ ಬಡ್ತಿ ಬಂತು ಎಂಬುದನ್ನೂ ಬರೆಯುವುದಿಲ್ಲ. ಅದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ, ಅಲ್ಲಿಯೂ ಯಾರೂ ಓದುವುದಿಲ್ಲ.

ಹೋದ ತಿಂಗಳು ನನ್ನ ಹಳೆಯ ಸೆಕ್ಷನ್ನಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನು ಮಾಡಿದಳು. ತುಮಕೂರಿನ ಕಡೆಯವಳು. ಕ್ವಾರ್ಟರ್ಸ್ ಸೆಕ್ಷನ್ನಿನಲ್ಲಿ ಕೆಲಸವೇ ಇಲ್ಲ, ಬೀಗದಕೈ ಕೊಡುವುದು, ಬೀಗದಕೈ ತೆಗೆದುಕೊಳ್ಳುವುದು ಅಷ್ಟೇ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ ಎಂದು ಕೇಳಿದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವಳ ಕುರ್ಚಿಯಲ್ಲಿ ಕೂತು ನಾನು ಕಲಿತದ್ದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಬರೆದು ಕಳಿಸುತ್ತೇನೆ ಎಂದೆ. ಇದು ಅದು.

ನಮ್ಮ ಆಫೀಸು ಇದ್ದದ್ದು ಅಡ್ಯಾರಿನಲ್ಲಿ. ಆಫೀಸಿನ ಹಿಂದುಗಡೆಯೇ ನೌಕರರ ಕ್ವಾರ್ಟರ್ಸು, ಬೇವು ಮತ್ತು ಹೊಂಗೆ ಮರಗಳ ನಡುವೆ ಮೂರು ಸಾಲು ಮನೆ. ಮನೆಗಳು ಕಡಿಮೆ, ಕಾಯುವವರು ಹೆಚ್ಚು. ಕ್ವಾರ್ಟರ್ಸು ಸಿಗದವರು ಹೊರಗೆ ಬಾಡಿಗೆಗೆ ಇರುತ್ತಿದ್ದರು, ಅವರಿಗೆ ಸಂಬಳದ ಜೊತೆ ಮನೆ ಬಾಡಿಗೆ ಭತ್ಯೆ ಬರುತ್ತಿತ್ತು. ಕ್ವಾರ್ಟರ್ಸಿನ ಬೀಗದಕೈ ತೆಗೆದುಕೊಂಡ ದಿನದಿಂದ ಆ ಭತ್ಯೆ ನಿಲ್ಲಬೇಕು. ಅದಕ್ಕೊಂದು ನಮೂನೆ ಇತ್ತು, ಸ್ವಾಧೀನ ಪತ್ರ ಅಂತ. ಬಿಳಿಯ ಪ್ರತಿ ನನ್ನ ರಿಜಿಸ್ಟರಿಗೆ, ಗುಲಾಬಿ ಪ್ರತಿ ಅದೇ ದಿನ ಸಂಬಳದ ಸೆಕ್ಷನ್ನಿಗೆ. ಹುಡುಗಿ, 'ಅದೇ ದಿನ' ಎಂಬುದರ ಕೆಳಗೆ ಗೆರೆ ಎಳೆದುಕೋ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಆ ಸೆಕ್ಷನ್ನಿನಲ್ಲಿ ನಾನೇ ಪೂಜಾರಿ. ಆದರೆ ನನ್ನನ್ನು ಬೀಗದಕೈಗಾಗಿ ಕಾಡಿದವರಿಗಿಂತ ಒಳ್ಳೆಯ ದಿನಕ್ಕಾಗಿ ಕಾಡಿದವರೇ ಹೆಚ್ಚು. ಮಂಗಳವಾರ ಬೇಡ, ರಾಹುಕಾಲ ಬೇಡ, ಅಷ್ಟಮಿ ಬೇಡ. ಕ್ರೈಸ್ತರೊಬ್ಬರು ತಮ್ಮ ಪಾದ್ರಿಗಳಿಗೆ ಬಿಡುವಾಗುವ ದಿನ ಬೇಕು ಎಂದು ಒಂದು ವಾರ ಕಾಯಿಸಿದರು. ಕೊನೆಗೆ ಬೇಸತ್ತು ನಾನೇ ನನ್ನ ಡ್ರಾಯರಿನಲ್ಲಿ ಎರಡು ಪಂಚಾಂಗ ಇಟ್ಟುಕೊಂಡೆ, ಒಂದು ತಮಿಳಿನದು, ಒಂದು ನಂಜನಗೂಡಿನಿಂದ ತಮ್ಮ ತಂದುಕೊಡುತ್ತಿದ್ದ ಕನ್ನಡದ್ದು. ಎರಡು ಯಾಕೆಂದರೆ ನಮ್ಮ ಆಷಾಢ ಬೇರೆ, ಅವರ ಆಡಿ ಬೇರೆ. ನಮ್ಮದು ಅಮಾವಾಸ್ಯೆಯ ಮರುದಿನ ಶುರುವಾಗುತ್ತದೆ, ಅವರದು ಜುಲೈ ನಡುವೆ. ಎರಡರಲ್ಲೂ ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ. ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡಿಗರಂತೂ ಎರಡನ್ನೂ ಆಚರಿಸುತ್ತಿದ್ದರು. ಹೀಗಾಗಿ ಪ್ರತಿ ವರ್ಷ ಒಂದೂವರೆ ತಿಂಗಳು ನನ್ನ ಬೀಗದಕೈಗಳು ಮೊಳೆಗೆ ನೇತಾಡಿಕೊಂಡು ನಿದ್ದೆ ಮಾಡುತ್ತಿದ್ದವು. ದೆಹಲಿಯಿಂದ ಬಂದ ದೊಡ್ಡ ಸಾಹೇಬರೊಬ್ಬರು ಕಾಯುವವರ ಪಟ್ಟಿ ಇಷ್ಟುದ್ದ ಇರುವಾಗ ಮನೆಗಳು ಯಾಕೆ ಖಾಲಿ, ನೀರಿನ ತೊಂದರೆಯೇ ಎಂದು ಕೇಳಿದರು. ತಿಂಗಳಿನ ತೊಂದರೆ ಸಾರ್ ಎಂದೆ. ಅವರು ಕೊಳಾಯಿ ರಿಪೇರಿಗೆ ಆದೇಶ ಮಾಡಿ ಹೋದರು.

ಎಡವಟ್ಟುಗಳನ್ನೂ ಮಾಡಿದ್ದೇನೆ. ಒಮ್ಮೆ ಒಂದೇ ಮನೆಯ ಎರಡು ಬೀಗದಕೈಗಳನ್ನು ಎರಡು ಸಂಸಾರಗಳಿಗೆ ಕೊಟ್ಟುಬಿಟ್ಟೆ. ಎರಡನೆಯವರು ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದರೆ ಒಳಗೆ ಮೊದಲನೆಯವರ ಹಾಲು ಆಗಲೇ ಉಕ್ಕುತ್ತಿತ್ತು. ನಾನು ಓಡಿಹೋಗುವಷ್ಟರಲ್ಲಿ ಎರಡೂ ಮನೆಯವರು ಒಟ್ಟಿಗೆ ಕೂತು ಪಾಯಸ ಕುಡಿಯುತ್ತಿದ್ದರು, ನನಗೂ ಒಂದು ಲೋಟ ಕೊಟ್ಟರು. ತಪ್ಪು ಮಾಡಿದರೂ ಪಾಯಸ ಸಿಗುತ್ತದೆ ಎಂಬ ಧೈರ್ಯ ನನಗೆ ಅಲ್ಲಿಂದಲೇ ಬಂದಿರಬೇಕು.

ಆ ಧೈರ್ಯ ಇಳಿಸಿದವರು ವರದರಾಜನ್. ನಮ್ಮಲ್ಲಿ ವಿಚಾರಣಾಧಿಕಾರಿಯಾಗಿದ್ದವರು. ಸಣಕಲು ಆಳು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿಯುತ್ತ, ಪೆನ್ಸಿಲ್ ಚೂಪು ಮಾಡುತ್ತ ಮಾತಾಡುವವರು. ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಒಬ್ಬ ಗುಮಾಸ್ತ ತಾನು ಬಾಡಿಗೆ ಮನೆಯಲ್ಲಿದ್ದೇನೆ ಎಂದು ಮನೆ ಮಾಲೀಕರ ಸಹಿ ಇರುವ ರಸೀದಿಗಳನ್ನು ವರ್ಷಗಟ್ಟಲೆ ಕೊಟ್ಟಿದ್ದ. ಆ ಮಾಲೀಕರು ತೀರಿಕೊಂಡು ಎರಡು ವರ್ಷವಾಗಿದೆ ಎಂದು ವರದರಾಜನ್ ಪತ್ತೆ ಮಾಡಿದರು. ವಿಚಾರಣೆಯ ದಿನ ಪೆನ್ಸಿಲ್ಲು ಹೆರೆಯುತ್ತ, ಸಾಕ್ಷಿಗೆ ಅವರನ್ನೂ ಕರೆಸೋಣವೇ, ಎಲ್ಲಿಗೆ ಕಾಗದ ಬರೆಯಲಿ ಎಂದು ಮೆತ್ತಗೆ ಕೇಳಿದರು. ಗುಮಾಸ್ತ ಅಳುತ್ತ ಎಲ್ಲ ಒಪ್ಪಿಕೊಂಡ. ಅವನ ಕೆಲಸ ಹೋಯಿತು. ಅವರ ವಿಚಾರಣೆಗಳಲ್ಲಿ ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು, ನನ್ನ ಕೈಬರಹ ದುಂಡಗಿದೆ ಎಂಬ ಕಾರಣಕ್ಕೆ.

ತೊಂಬತ್ತರ ದಶಕದ ಕೊನೆಗೆ ಆಫೀಸಿಗೆ ಕಂಪ್ಯೂಟರು ಬಂತು. ಅದಕ್ಕೆ ಮಾತ್ರ ಏ.ಸಿ. ರೂಮು, ನಮಗೆ ಫ್ಯಾನು. ಸಂಬಳದ ಪಟ್ಟಿ, ಕ್ವಾರ್ಟರ್ಸಿನ ಪಟ್ಟಿ ಎರಡನ್ನೂ ಅದರೊಳಗೆ ಹಾಕಿದ ಮೇಲೆ ವರದರಾಜನ್ನರಿಗೆ ಒಂದು ಯೋಚನೆ ಹೊಳೆಯಿತು. ಎರಡು ಪಟ್ಟಿಗಳನ್ನೂ ತಾಳೆ ನೋಡಿ, ಕ್ವಾರ್ಟರ್ಸಿನಲ್ಲೂ ಇದ್ದು ಭತ್ಯೆಯನ್ನೂ ತೆಗೆದುಕೊಳ್ಳುತ್ತಿರುವವರು ಯಾರು ಎಂದು ಕೇಳಿದರು. ನಾವು ಆರು ತಿಂಗಳು ಕೂತರೂ ಮುಗಿಯದ ಕೆಲಸವನ್ನು ಅದು ಊಟದ ಹೊತ್ತಿಗೆ ಮುಗಿಸಿ ಏಳು ಹೆಸರು ಕೊಟ್ಟಿತು. ಆರು ಸಣ್ಣಪುಟ್ಟ ತಪ್ಪುಗಳು, ಒಂದೆರಡು ತಿಂಗಳಿನವು. ಏಳನೆಯದು ಇಡೀ ಒಂದು ವರ್ಷದ್ದು. ಹೆಸರು ನಾಗರಾಜ, ಎಲೆಕ್ಟ್ರಿಷಿಯನ್.

ನಾಗರಾಜನನ್ನು ನಾನು ಬಲ್ಲೆ. ಎರಡು ತಲೆಮಾರಿನಿಂದ ಪೆರಂಬೂರಿನಲ್ಲಿರುವ ಕನ್ನಡದವರು, ಅಜ್ಜ ಕೊಳ್ಳೇಗಾಲದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವರು. ಅವನ ಕನ್ನಡ ಅರ್ಧ ತಮಿಳು. ಏಣಿ ಹೆಗಲಿಗೇರಿಸಿಕೊಂಡು ಎಲ್ಲ ಸೆಕ್ಷನ್ನಿಗೂ ಹೋಗಿ ಬರುವ ಮನುಷ್ಯ, ನಗುಮುಖ. ಪಟ್ಟಿಯಲ್ಲಿ ಅವನ ಹೆಸರು ನೋಡಿ ನನಗೆ ಬಂದದ್ದು ಕನಿಕರವಲ್ಲ, ಕೋಪ. ಆಫೀಸಿನಲ್ಲಿ ಕನ್ನಡದವರು ನಾಲ್ಕು ಜನ ಇದ್ದೇವೆ, ಅದರಲ್ಲಿ ಒಬ್ಬ ಹೀಗೆ ಮರ್ಯಾದೆ ಕಳೆದನಲ್ಲ ಎಂದುಕೊಂಡೆ. ಆ ಮಾತನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ವರದರಾಜನ್ ಪಟ್ಟಾಗಿ ತಯಾರಾಗಿದ್ದರು. ನನ್ನ ರಿಜಿಸ್ಟರಿನಲ್ಲಿ ನಾಗರಾಜ ಬೀಗದಕೈ ತೆಗೆದುಕೊಂಡ ಸಹಿ ಇದೆ. ಸಂಬಳದ ಸೆಕ್ಷನ್ನಿನಲ್ಲಿ ಗುಲಾಬಿ ಪ್ರತಿ ಇಲ್ಲ. ಅಕ್ಕಪಕ್ಕದ ಮನೆಯವರನ್ನು ಕೇಳಿದರೆ ಆ ಮನೆಯಲ್ಲಿ ದೀಪ ಉರಿಯುತ್ತದೆ, ಬಾಗಿಲಿಗೆ ರಂಗೋಲಿ ಇರುತ್ತದೆ ಎನ್ನುತ್ತಾರೆ. ಪೆರಂಬೂರಿನ ಬಾಡಿಗೆ ಮನೆಯ ಯಜಮಾನರು ರಸೀದಿ ಕೊಡುವವರಲ್ಲ, ಹಾಗಾಗಿ ಅಲ್ಲಿದ್ದೇನೆ ಎನ್ನುವುದಕ್ಕೆ ನಾಗರಾಜನ ಹತ್ತಿರ ಚೂರು ಕಾಗದವಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ವರ್ಷ ಸಂಬಳದ ಸೆಕ್ಷನ್ನಿನ ವೈರಿಂಗ್ ಪೂರ್ತಿ ಬದಲಾಯಿಸಿದವನು ನಾಗರಾಜನೇ. ಒಂದು ವಾರ ಬೀರುಗಳ ನಡುವೆಯೇ ಕೆಲಸ ಮಾಡಿದ್ದ. ಗುಲಾಬಿ ಪ್ರತಿಯನ್ನು ಅವನೇ ಎತ್ತಿರಬೇಕು ಎಂಬುದು ವರದರಾಜನ್ನರ ಲೆಕ್ಕ. ಹೆಚ್ಚಾಗಿ ಬಂದ ಭತ್ಯೆಯನ್ನು ಕಂತಿನಲ್ಲಿ ತೀರಿಸಬಹುದು, ಅದು ದೊಡ್ಡ ಮಾತಲ್ಲ. ಆದರೆ ಸರ್ಕಾರಿ ಕಾಗದ ಕದ್ದವನಿಗೆ ಕೆಲಸವಿಲ್ಲ.

ವಿಚಾರಣೆ ಒಂದು ಶುಕ್ರವಾರ ಬೆಳಿಗ್ಗೆ ನಡೆಯಿತು. ನಾಗರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮಾತೆಲ್ಲ ತಮಿಳಿನಲ್ಲಿ, ನಾನು ಬರೆದದ್ದು ಇಂಗ್ಲಿಷಿನಲ್ಲಿ. ಬೀಗದಕೈ ತೆಗೆದುಕೊಂಡೆಯಾ ಎಂದರೆ ಹೌದು ಎಂದ. ಮನೆಯೊಳಗೆ ಹೋದೆಯಾ ಎಂದರೆ, ಅವತ್ತೇ ಅಮ್ಮ ಹಾಲು ಉಕ್ಕಿಸಿದರು ಸಾರ್ ಎಂದ. ಇಲ್ಲ, ಬೀಗವನ್ನೇ ತೆಗೆದಿಲ್ಲ ಎಂದಿದ್ದರೆ ಅರ್ಧ ಪಾರಾಗುತ್ತಿದ್ದ. ಆದರೆ ಹಾಲು ಉಕ್ಕಿಸಿದ ಮನೆಯನ್ನು ಉಕ್ಕಿಸಿಲ್ಲ ಎನ್ನಲು ಅವನ ನಾಲಿಗೆ ಹೊರಳದು. ವಾಸ ಮಾಡಿದ್ದು ಮಾತ್ರ ಪೆರಂಬೂರಿನಲ್ಲೇ ಸಾರ್ ಎಂದ. ಹೆಂಡತಿ ಆಗ ನಾಲ್ಕು ತಿಂಗಳ ಬಸುರಿ, ಬಸುರಿಯನ್ನು ಕಟ್ಟಿಕೊಂಡು ಮನೆ ಬದಲಾಯಿಸಬಾರದು ಎಂದು ಅವನ ತಾಯಿ ಪುಟ್ಟಮ್ಮ ಹಟ ಹಿಡಿದಿದ್ದರಂತೆ. ಹೆರಿಗೆಯಾಗುವಾಗ ಧನುರ್ಮಾಸ. ಆಮೇಲೆ ಬಾಣಂತನಕ್ಕೆಂದು ಹೆಂಡತಿ ತವರಿಗೆ ಹೋದವಳು ಐದು ತಿಂಗಳು ಬರಲಿಲ್ಲ. ಬಂದ ಮೇಲೆ ಮಗುವಿಗೆ ನೆಗಡಿ. ನೆಗಡಿ ಹೋಗುವಷ್ಟರಲ್ಲಿ ಮತ್ತೆ ಆಷಾಢ.

ವರದರಾಜನ್ ಒಂದು ಗುಟುಕು ಬಿಸಿನೀರು ಕುಡಿದು, ಹಾಗಾದರೆ ಯಾರೂ ಇಲ್ಲದ ಮನೆಯಲ್ಲಿ ದೀಪ ಹಚ್ಚಿದವರು ಯಾರು, ದೆವ್ವವೇ ಎಂದರು. ಹಾಲು ಉಕ್ಕಿಸಿದ ಮನೆ ಕತ್ತಲಾಗಿರಬಾರದು ಎಂದು ಅಮ್ಮ ಪ್ರತಿ ಶುಕ್ರವಾರ ಎರಡು ಬಸ್ಸು ಹತ್ತಿ ಬಂದು, ಕಸ ಗುಡಿಸಿ, ರಂಗೋಲಿ ಹಾಕಿ, ದೀಪ ಹಚ್ಚಿ ಹೋಗುತ್ತಾರೆ ಎಂದ ನಾಗರಾಜ. ಇದನ್ನೆಲ್ಲ ಆಫೀಸಿಗೆ ತಿಳಿಸಿದೆಯಾ ಎಂದರು. ಬೀಗದಕೈ ತೆಗೆದುಕೊಂಡ ದಿನವೇ ಪತ್ರ ಬರೆದು ಕೊಟ್ಟೆ ಎಂದ. ಯಾರ ಕೈಗೆ ಎಂದು ಕೇಳಿದರು.

ನಾಗರಾಜ ತಲೆ ಎತ್ತಿ ಫ್ಯಾನು ನೋಡಿದ. ಆಫೀಸಿಗೆ ಕೊಟ್ಟೆ ಸಾರ್ ಎಂದಷ್ಟೇ ಹೇಳಿದ. ಯಾರ ಕೈಗೆ ಎಂದು ಅವರು ಮೂರು ಸಲ ಕೇಳಿದರು, ಮೂರು ಸಲವೂ ಅವನು ಅದನ್ನೇ ಹೇಳಿದ. ನಾನು ಮೂರು ಸಲವೂ ದುಂಡಗೆ ಬರೆದುಕೊಂಡೆ. ಸೋಮವಾರ ಹನ್ನೊಂದು ಗಂಟೆಯೊಳಗೆ ಹೆಸರನ್ನಾಗಲಿ ಪತ್ರದ ನಕಲನ್ನಾಗಲಿ ತಾ, ಇಲ್ಲವಾದರೆ ಕಳವಿನ ಆರೋಪ ಹೊರಿಸಿ ಮೇಲಕ್ಕೆ ಬರೆಯುತ್ತೇನೆ ಎಂದು ವರದರಾಜನ್ ಫೈಲು ಮುಚ್ಚಿದರು.

ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿ ಗದರಿದೆ. "ಏನಪ್ಪಾ, ಕೊಟ್ಟಿದ್ರೆ ಯಾರಿಗೆ ಕೊಟ್ಟೆ ಅಂತ ಹೇಳೋಕ್ಕೇನು? ಸುಳ್ಳು ಹೇಳ್ತಿದ್ದೀಯಾ ಅಂತ ಅವ್ರು ಅಂದ್ಕೊಳ್ಳಲ್ವಾ?"

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹೇಳಿದ: "ಪರವಾಇಲ್ಲೆ ಮೇಡಂ. ನೀವು ಟೆನ್ಷನ್ ಆಗ್ಬೇಡಿ." ಗೋಡೆಗೆ ಒರಗಿಸಿದ್ದ ಏಣಿ ಎತ್ತಿಕೊಂಡು ಹೊರಟುಹೋದ. ಕೆಲಸ ಹೋಗುವವನು ನನಗೆ ಸಮಾಧಾನ ಹೇಳಿದನಲ್ಲ, ಇದೇನು ವಿಚಿತ್ರ ಎಂದುಕೊಂಡು ನಾನು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ.

ಅವತ್ತು ಸಂಜೆ ಮನೆಯಲ್ಲಿ ದೀಪ ಹಚ್ಚುತ್ತಿದ್ದೆ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಬಂದು, ಮಾವನವರ ವೈದಿಕದ ತಿಥಿ ಹೋದ ವರ್ಷ ಯಾವತ್ತು ಬಂದಿತ್ತು ನೋಡಬೇಕು, ಹಳೆಯ ಪಂಚಾಂಗ ತೆಗೆದುಕೊಡು ಎಂದರು. ಯುಗಾದಿಗೆ ಹೊಸ ಪಂಚಾಂಗ ಬಂದ ಮೇಲೆ ಆಫೀಸಿನ ಹಳೆಯದನ್ನು ನಾನು ಮನೆಗೆ ತರುವುದು ರೂಢಿ, ಅತ್ತೆಗೆ ಹಳೆಯ ಪಂಚಾಂಗವನ್ನು ಕಸಕ್ಕೆ ಹಾಕುವುದೆಂದರೆ ಆಗದು. ದೇವರ ಗೂಡಿನ ಕೆಳಗಿನ ಮಣೆಯ ಮೇಲಿದ್ದ ಅದನ್ನು ಎಳೆದೆ. ಆಷಾಢದ ಹಾಳೆಯ ನಡುವಿನಿಂದ ಒಂದು ಗುಲಾಬಿ ಬಣ್ಣದ ಕಾಗದ ಜಾರಿ ನನ್ನ ಪಾದದ ಮೇಲೆ ಬಿತ್ತು. ಅದರ ಹಿಂದೆಯೇ, ನಾಲ್ಕು ಮಡಿಕೆ ಮಾಡಿದ ಒಂದು ಬಿಳಿ ಹಾಳೆ.

ಬಿಡಿಸಿ ನೋಡುವ ಮೊದಲೇ ನನಗೆ ಎಲ್ಲ ನೆನಪಾಯಿತು.

ಹಿಂದಿನ ವರ್ಷ, ಮರುದಿನ ಆಷಾಢ ಶುರು ಎನ್ನುವ ಮಧ್ಯಾಹ್ನ ಅದು. ಮಂಜೂರಾದ ಎಂಟು ದಿನದೊಳಗೆ ಬೀಗದಕೈ ತೆಗೆದುಕೊಳ್ಳದಿದ್ದರೆ ಮನೆ ಪಟ್ಟಿಯಲ್ಲಿ ಮುಂದಿನವರ ಪಾಲಾಗುತ್ತದೆ. ನಾಗರಾಜ ನನ್ನ ಮೇಜಿನ ಮುಂದೆ ಕೈ ಹಿಸುಕಿಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಪುಟ್ಟಮ್ಮ, ಸೆರಗಿನಲ್ಲಿ ಹಾಲಿನ ಪ್ಯಾಕೆಟ್ಟು ಮುಚ್ಚಿಕೊಂಡು. ಉಪಾಯ ಹೇಳಿದವಳು ನಾನೇ. ನನ್ನ ಮಾತನ್ನು ನನ್ನ ಕಿವಿಯೇ ಈಗ ಕೇಳಿಸಿಕೊಂಡಂತಾಯಿತು: "ಇವತ್ತೇ ಹಾಲುಕ್ಕಿಸಿಬಿಡಿ ಪುಟ್ಟಮ್ಮ, ಅಮಾವಾಸ್ಯೆ ಇಲ್ಲಿಯವ್ರಿಗೆ ಒಳ್ಳೆ ದಿನಾನೇ, ಮನೆ ನಿಮ್ದಾಯ್ತು. ಸೊಸೆ ಹೆರಿಗೆ ಆದ್ಮೇಲೆ ನಿಧಾನಕ್ಕೆ ಬನ್ನಿ. ಹೀಗ್‌ಹೀಗೆ ಅಂತ ಒಂದು ಪತ್ರ ಬರ್ದುಕೊಡಪ್ಪ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಪತ್ರ ಬರೆದುಕೊಟ್ಟ. ಗುಲಾಬಿ ಪ್ರತಿಯನ್ನು ಈಗಲೇ ಕಳಿಸಿದರೆ ಭತ್ಯೆ ನಿಂತುಹೋಗುತ್ತದೆ, ಪಾಪ, ಪೆರಂಬೂರಿನ ಬಾಡಿಗೆಯನ್ನೂ ಕಟ್ಟಬೇಕು, ನಮ್ಮ ಸೆಕ್ಷನ್ನಿನ ಸಾಹೇಬರು ಪ್ರವಾಸದಿಂದ ಬಂದ ಮೇಲೆ ಅವರನ್ನು ಒಂದು ಮಾತು ಕೇಳಿ ಕಳಿಸೋಣ ಎಂದು ಎರಡನ್ನೂ ಪಂಚಾಂಗದೊಳಗೆ ಇಟ್ಟೆ. ಶ್ರಾವಣ ಬಂದಾಗ ಹಾಳೆ ತಿರುಗಿಸುತ್ತೇನೆ, ಕಣ್ಣಿಗೆ ಬೀಳುತ್ತದೆ ಎಂಬ ಬುದ್ಧಿವಂತಿಕೆ. ಅದರ ಮರುವಾರವೇ ನನಗೆ ಹೊಟ್ಟೆಯ ಆಪರೇಷನ್ ಆಯಿತು. ಎರಡು ತಿಂಗಳು ರಜೆ. ನಾನು ಆಫೀಸಿಗೆ ವಾಪಸು ಬರುವ ಹೊತ್ತಿಗೆ ಆಷಾಢ, ಶ್ರಾವಣ ಎರಡೂ ಕಳೆದು ಭಾದ್ರಪದ ನಡೆಯುತ್ತಿತ್ತು. ಹಿಂದಿನ ಹಾಳೆಗಳನ್ನು ಯಾರು ತಿರುಗಿಸುತ್ತಾರೆ? ಆಪರೇಷನ್ನಿನ ಗಲಾಟೆಯಲ್ಲಿ ಆ ಮಧ್ಯಾಹ್ನವೇ ನನ್ನ ತಲೆಯಿಂದ ಅಳಿಸಿಹೋಗಿತ್ತು.

ಅತ್ತೆ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಪಂಚಾಂಗ ಮಡಿಲಲ್ಲಿಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು. "ಸೋಮವಾರ ಬೆಳಿಗ್ಗೆ ರಾಹುಕಾಲ ಒಂಬತ್ತಕ್ಕೆ ಮುಗಿಯುತ್ತೆ," ಎಂದರು ಆಮೇಲೆ. "ಒಂಬತ್ತೂ ಕಾಲಿಗೆ ಹೊರಡು."

ಒಳ್ಳೆಯವಳು ಅನ್ನಿಸಿಕೊಳ್ಳಲು ಹೀಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ ಹುಡುಗಿ. ಶನಿವಾರ, ಭಾನುವಾರ ಎರಡು ದಿನವೂ ನನಗೆ ಕೆಟ್ಟ ಯೋಚನೆಗಳು ಬಂದವು. ಗುಲಾಬಿ ಪ್ರತಿಯನ್ನು ಸಂಬಳದ ಸೆಕ್ಷನ್ನಿನ ಯಾವುದಾದರೂ ಬೀರುವಿನ ಹಿಂದೆ ಹಾಕಿಬಿಟ್ಟರೆ ಅಲ್ಲೇ ಸಿಕ್ಕಿತು ಎಂದಾಗುತ್ತದೆ, ಅವನೂ ಬಚಾವು, ನಾನೂ ಬಚಾವು. ನಿವೃತ್ತಿಗೆ ಎಂಟು ವರ್ಷ ಉಳಿದಿತ್ತು. ಸರ್ವಿಸ್ ಬುಕ್ಕಿನಲ್ಲಿ ಒಂದೂ ಕಪ್ಪು ಗೆರೆ ಇಲ್ಲ ಎಂಬ ಜಂಬ ನನಗಿತ್ತು. ಭಾನುವಾರ ಹುಳಿಗೆ ಉಪ್ಪು ಹಾಕಲು ಮರೆತೆ, ಮೊಸರನ್ನಕ್ಕೆ ಎರಡು ಸಲ ಹಾಕಿದೆ. ನಾಗರಾಜ ಫ್ಯಾನು ನೋಡಿದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಎದುರಿಗೇ ಕೂತಿದ್ದ ನನ್ನ ಕಡೆ ಅವನು ಒಂದು ಸಲವೂ ಬೆರಳು ತೋರಿಸಲಿಲ್ಲ, ನಾನು ಅವನನ್ನು ಕಳ್ಳ ಎಂದುಕೊಂಡು ಬರೆಯುತ್ತಿದ್ದೆ.

ಸೋಮವಾರ ಹನ್ನೊಂದಕ್ಕೆ ನಾಗರಾಜ ಬರಿಗೈಯಲ್ಲಿ ಬಂದ. ಜೊತೆಗೆ ಪುಟ್ಟಮ್ಮನೂ ಬಂದು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ವರದರಾಜನ್ ಪೆನ್ಸಿಲ್ಲು ಹೆರೆದು, ನನಗೆ ಬರೆಯಲು ಸನ್ನೆ ಮಾಡಿದರು. ನಾನು ಪೆನ್ನನ್ನು ಮೇಜಿನ ಮೇಲಿಟ್ಟೆ. ಎದ್ದು ಸುತ್ತು ಬಳಸಿ ಹೋಗಿ ನಾಗರಾಜನ ಪಕ್ಕದ ಕುರ್ಚಿಯಲ್ಲಿ ಕೂತೆ.

"ಸಾರ್, ಇವತ್ತು ನಾನು ಬರೆಯೋ ಹಾಗಿಲ್ಲ," ಎಂದು ತಮಿಳಿನಲ್ಲಿ ಹೇಳಿದೆ. "ನನ್ನ ಹೇಳಿಕೆಯನ್ನ ನೀವು ಬರೆದುಕೊಳ್ಳಬೇಕು."

ಪತ್ರ, ಗುಲಾಬಿ ಪ್ರತಿ, ಅವುಗಳನ್ನು ಇಟ್ಟಿದ್ದ ಹಳೆಯ ಪಂಚಾಂಗ ಮೂರನ್ನೂ ಮೇಜಿನ ಮೇಲಿಟ್ಟೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಎಷ್ಟೋ ವರ್ಷದ ಮೇಲೆ ವರದರಾಜನ್ನರೇ ಕೈಯಾರೆ ಬರೆದುಕೊಂಡರು. ಕೋಳಿ ಕಾಲಿನಂಥ ಅಕ್ಷರ, ಅದಕ್ಕೇ ನನ್ನನ್ನು ಕೂರಿಸಿಕೊಳ್ಳುತ್ತಿದ್ದರೇನೋ. ಬರೆದು ಮುಗಿಸಿ ಪತ್ರವನ್ನು ಎರಡು ಸಲ ಓದಿದರು. ತಾರೀಖನ್ನು ರಿಜಿಸ್ಟರಿನ ಸಹಿಯ ತಾರೀಖಿನ ಜೊತೆ ತಾಳೆ ನೋಡಿದರು. ಆಮೇಲೆ ನಾಗರಾಜನ ಕಡೆ ತಿರುಗಿ, ಇವರ ಕೈಗೆ ಕೊಟ್ಟೆ ಎಂದು ಶುಕ್ರವಾರವೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

ಅವನು ಉತ್ತರವನ್ನು ಅವರಿಗೆ ಹೇಳದೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ಅಮ್ಮ ಬೇಡ ಅಂದ್ರು ಮೇಡಂ. ಬೀಗದಕೈ ಕೊಟ್ಟ ಕೈಗೆ ಕೆಟ್ಟ ಹೆಸ್ರು ತರಬಾರ್ದು, ನಾಳೆ ಅದೇ ವೀಟ್‌ನಲ್ಲಿ, ಆ ಮನೆಲೇ, ನಾವು ಬಾಳ್ಬೇಕಲ್ವಾ ಅಂದ್ರು. ನೀವೇ ಮರೆತಿದೀರಿ ಅಂತ ನಂಗೆ ಗೊತ್ತಿತ್ತು. ನೆನಪಾದ್ರೆ ನೀವೇ ಹೇಳ್ತೀರಿ ಅಂತಾನೂ ಗೊತ್ತಿತ್ತು."

ನಾನು ಅತ್ತುಬಿಟ್ಟೆ. ಆಫೀಸಿನಲ್ಲಿ ಅತ್ತದ್ದು ಅದೊಂದೇ ಸಲ. ಏನು ಹೇಳಿದ ಎಂದು ವರದರಾಜನ್ ಕೇಳಿದರು. ಮೂಗು ಒರೆಸಿಕೊಂಡು ತಮಿಳಿಗೆ ತಿರುಗಿಸಿ ಹೇಳಿದೆ. ಅವರು ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಬಗ್ಗಿಸಿ ನನ್ನ ಕಡೆ ತಳ್ಳಿದರು. ಅವರ ಫ್ಲಾಸ್ಕಿನ ನೀರು ಇನ್ನೊಬ್ಬರಿಗೆ ಸಿಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ವಾರವೇ ತೀರ್ಮಾನ ಬಂತು. ಕಳವೂ ಇಲ್ಲ, ಮೋಸವೂ ಇಲ್ಲ. ಹೆಚ್ಚಾಗಿ ಬಂದ ಭತ್ಯೆಯನ್ನು ಮಾತ್ರ ನಾಗರಾಜ ಸಣ್ಣ ಕಂತುಗಳಲ್ಲಿ ಹಿಂತಿರುಗಿಸಬೇಕು, ನಿಯಮ ನಿಯಮವೇ. ಆ ಕಂತಿನಲ್ಲಿ ಅರ್ಧ ನಾನು ಕೊಡುತ್ತೇನೆಂದು ಹೋಗಿ ಕೇಳಿದೆ. ಬೇಡವೇ ಬೇಡ ಎಂದ. ನನಗೆ ಕರ್ತವ್ಯದಲ್ಲಿ ಅಜಾಗರೂಕತೆ ಎಂದು ಲಿಖಿತ ಎಚ್ಚರಿಕೆ. ಮೆಮೊವನ್ನು ವರದರಾಜನ್ ಸ್ವತಃ ಕರೆದು ಕೈಗೆ ಕೊಟ್ಟರು. ಸಹಿ ಹಾಕಿ ತೆಗೆದುಕೊಂಡು ಬಾಗಿಲವರೆಗೆ ಬಂದಿದ್ದೆ, ಒಂದು ನಿಮಿಷ ಎಂದರು. ಪೆನ್ಸಿಲ್ಲು ಹೆರೆಯುತ್ತ, ನನ್ನ ಮುಖ ನೋಡದೆ, ಮಗ ಪೆರುಂಗುಡಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ, ಆಡಿ ಕಳೆದ ಮೇಲೆ ಗೃಹಪ್ರವೇಶಕ್ಕೆ ಒಳ್ಳೆಯ ದಿನ ಯಾವುದಿದೆ, ನಿನ್ನ ತಮಿಳು ಪಂಚಾಂಗ ಇದೆಯಲ್ಲ ಎಂದು ಕೇಳಿದರು. ನೋಡಿ ಹೇಳಿದೆ. ಬಾಯಲ್ಲಿ ಹೇಳಿ ಬಿಡಲಿಲ್ಲ, ಒಂದು ಹಾಳೆಯಲ್ಲಿ ಬರೆದು, ನಕಲು ಇಟ್ಟುಕೊಂಡು ಕೊಟ್ಟೆ. ಅವರು ನಕ್ಕಿದ್ದನ್ನು ಅವತ್ತು ಮೊದಲ ಸಲ ನೋಡಿದೆ.

ನಮೂನೆಯಲ್ಲೂ ಒಂದು ಬದಲಾವಣೆಯಾಯಿತು. ಬೀಗದಕೈ ಪಡೆದ ದಿನ ಎಂಬ ಕಾಲಮ್ಮಿನ ಪಕ್ಕದಲ್ಲಿ ವಾಸಕ್ಕೆ ಬಂದ ದಿನ ಎಂಬ ಇನ್ನೊಂದು ಕಾಲಮ್ಮು ಬಂತು. ಬಸುರಿ, ಬಾಣಂತಿ ಇರುವ ಮನೆಯವರು ಅರ್ಜಿ ಕೊಟ್ಟರೆ ಬೀಗದಕೈ ತೆಗೆದುಕೊಳ್ಳಲು ಹೆಚ್ಚು ಸಮಯ ಕೊಡಬಹುದು ಎಂದು ಸೇರಿಸಿದರು. ಈಗ ನಿನ್ನ ಕಂಪ್ಯೂಟರಿನಲ್ಲಿ ಆ ಎರಡು ಕಾಲಮ್ಮು ಕಂಡರೆ ಯಾಕೆ ಎಂದು ಕೇಳಬೇಡ, ಯಾಕೆ ಎಂದು ಇಷ್ಟು ಹೊತ್ತು ಹೇಳಿದ್ದೇನೆ. ಆಮೇಲೆ ನಿವೃತ್ತಿಯಾಗುವವರೆಗೂ ನಾನು ಪಂಚಾಂಗವನ್ನು ಡ್ರಾಯರಿನಲ್ಲೇ ಇಟ್ಟಿದ್ದೆ, ಆದರೆ ಅದರ ನಡುವೆ ನವಿಲುಗರಿ ಕೂಡ ಇಡಲಿಲ್ಲ.

ಶ್ರಾವಣದಲ್ಲಿ, ಆಡಿಯೂ ಕಳೆದ ಮೇಲೆ, ಒಂದು ಗುರುವಾರ ಬೆಳಿಗ್ಗೆ ನಾಗರಾಜನ ಸಂಸಾರ ಪೆರಂಬೂರಿನಿಂದ ಸಾಮಾನು ಸಮೇತ ಬಂತು. ಆರು ಗಂಟೆಗೇ ನನ್ನನ್ನು ಕರೆದಿದ್ದರು. ಒಂದು ಸಲ ಉಕ್ಕಿಸಿದ ಮನೆಯಲ್ಲಿ ಮತ್ತೆ ಹಾಲು ಉಕ್ಕಿಸಬಹುದೇ ಎಂದು ನಾನು ಕೇಳಿದರೆ ಪುಟ್ಟಮ್ಮ, "ಆವತ್ತು ನಾನೊಬ್ಳೆ ಬಂದಿದ್ದೆ ಕನವ್ವ, ಇವತ್ತು ಮನೆಯವ್ರೆಲ್ಲ ಬಂದವ್ರೆ," ಎಂದರು. ಸೊಸೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು. ಹಾಲು ಉಕ್ಕಿ ಪಾತ್ರೆಯ ನಾಲ್ಕೂ ಕಡೆ ಸುರಿಯಿತು. ಎಲ್ಲರೂ ಕೈಮುಗಿದರು. ನಾನು ಕೈಮುಗಿಯಲಿಲ್ಲ. ಒಂದು ಕೈಯಲ್ಲಿ ವಾಸಕ್ಕೆ ಬಂದ ದಿನದ ಕಾಲಮ್ಮಿರುವ ಹೊಸ ಸ್ವಾಧೀನ ಪತ್ರ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದುಕೊಂಡಿದ್ದೆ. ಪಾಯಸ ಕುಡಿದು ಸಹಿ ಮಾಡೋಣ ಮೇಡಂ ಎಂದ ನಾಗರಾಜ. ಸಹಿ ಮಾಡಿ ಪಾಯಸ ಕುಡಿಯೋಣ ಎಂದೆ. ಅರಿಶಿನದ ಬೆರಳಿನಲ್ಲೇ ಸಹಿ ಹಾಕಿದ, ಗುಲಾಬಿ ಪ್ರತಿಯ ಮೂಲೆ ಹಳದಿಯಾಯಿತು. ನಾನು ಪಾಯಸಕ್ಕೂ ಕಾಯದೆ ಹೊರಟೆ. ಸಂಬಳದ ಸೆಕ್ಷನ್ನಿನ ಬಾಗಿಲು ತೆರೆಯುವವರೆಗೆ ಅಲ್ಲೇ ನಿಂತಿದ್ದು, ಪ್ರತಿಯನ್ನು ಕೊಟ್ಟು, ಮುಟ್ಟಿತು ಎಂದು ಸಹಿ ಹಾಕಿಸಿಕೊಂಡು ನನ್ನ ಕುರ್ಚಿಗೆ ಹೋದೆ.

ಸಂಜೆ ಆಫೀಸು ಬಿಟ್ಟ ಮೇಲೆ ಪಾಯಸ ಕುಡಿದು ಹೋಗೋಣವೆಂದು ಕ್ವಾರ್ಟರ್ಸಿನ ಕಡೆ ನಡೆದೆ. ಹೊಂಗೆ ಮರದ ಹತ್ತಿರ ತಿರುಗುವಾಗಲೇ ಆ ಮನೆಯ ಕಿಟಕಿಯಲ್ಲಿ ದೀಪ ಕಂಡಿತು. ಬಾಗಿಲಿಗೆ ಬೆಳಗಿನ ರಂಗೋಲಿ ಇತ್ತು, ಯಾರೋ ಅದರ ಮೇಲೆಯೇ ಚಪ್ಪಲಿ ಬಿಟ್ಟಿದ್ದರು. ಒಳಗೆ ಮಗು ಅಳುತ್ತಿತ್ತು, ಕುಕ್ಕರು ಕೂಗುತ್ತಿತ್ತು, ಪುಟ್ಟಮ್ಮ ಯಾರನ್ನೋ ಬೈಯುತ್ತಿದ್ದರು. ನಾನು ಅಲ್ಲೇ ನಿಂತು ಆ ದೀಪವನ್ನು ನೋಡಿದೆ. ಅವತ್ತು ಶುಕ್ರವಾರವಲ್ಲ, ಗುರುವಾರ.